ಖಾಲಿ ಮನೆಗೆ ಬಿಸಿ ಯಾಕೆ?

"ಮನೇಲಿ ಯಾರೂ ಇಲ್ದಿದ್ರೆ ಈ ಬಿಸಿ ಯಾರಿಗೆ?"

ಅಮ್ಮ ಕೇಳಿದ ಈ ಪ್ರಶ್ನೆ ಮಂಗಳವಾರದಿಂದ ನನ್ನ ತಲೆಯಲ್ಲೇ ಓಡುತ್ತಿದೆ. ಗ್ಯಾಸ್ ಉರಿಸಿ ಇಡೀ ಮನೆಯನ್ನು ಬಿಸಿ ಮಾಡುವ ಯಂತ್ರವನ್ನು, ಅಂದರೆ ಫರ್ನೇಸನ್ನು ನೋಡಲು ಬಂದ ಮೆಕ್ಯಾನಿಕ್‌ಗೆ ಅದನ್ನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಆತ ಟಾರ್ಚ್ ಆರಿಸಿ, ನನ್ನನ್ನು ಬಿಟ್ಟು ನೇರ ಅಮ್ಮನ ಕಡೆ ತಿರುಗಿದ. "ಮನೆಗೆ" ಅಂದ.

ಅಕ್ಟೋಬರ್ ಬಂತೆಂದರೆ ಅಮೆರಿಕದ ಈ ಮಿನಿಯಾಪೊಲಿಸ್ ಸುತ್ತಮುತ್ತ ಎಲ್ಲರಿಗೂ ಇದೇ ಗಡಿಬಿಡಿ. ಹುಲ್ಲಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಪೈಪಿನ ನೀರನ್ನು ಕಂಪ್ರೆಸರ್‌ನಿಂದ ಊದಿ ತೆಗೆಸಬೇಕು, ಫಿಲ್ಟರ್ ಬದಲಿಸಬೇಕು, ಹೊರಗಿನ ನಲ್ಲಿಯ ಹೋಸ್ ಬಿಚ್ಚಿಡಬೇಕು. ಈ ಸಲ ನಮಗೆ ಕೆಲಸ ಇನ್ನೂ ಜಾಸ್ತಿ. ಡಿಸೆಂಬರ್‌ನಲ್ಲಿ ತಮ್ಮನ ಮದುವೆಗೆ ಹಾಸನಕ್ಕೆ ಹೊರಟರೆ ವಾಪಸ್ ಬರುವುದು ಸಂಕ್ರಾಂತಿ ಮುಗಿದ ಮೇಲೆ. ಇಲ್ಲಿಯ ಚಳಿ ಕಚ್ಚುವುದೇ ಆ ದಿನಗಳಲ್ಲಿ.

ಮೆಕ್ಯಾನಿಕ್‌ಗೆ ಅರವತ್ತು ದಾಟಿರಬೇಕು. ಒಳ್ಳೆಯ ಕೆಲಸಗಾರ. ಹೋದ ವರ್ಷ ಬೇರೆ ಕಂಪನಿಯಿಂದ ಬಂದ ಹುಡುಗ ಮುಚ್ಚಳ ತೆಗೆಯುವ ಮೊದಲೇ ಹೊಸ ಫರ್ನೇಸ್‌ಗೆ ಎಷ್ಟಾಗುತ್ತದೆ ಎಂದು ಲೆಕ್ಕ ಹೇಳತೊಡಗಿದ್ದ. ಈತ ಒಳಗಿಂದ ಪೆನ್ಸಿಲ್‌ಗಿಂತ ಸಣ್ಣದೊಂದು ಕಡ್ಡಿ ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದ. ಅದು ಫ್ಲೇಮ್ ಸೆನ್ಸರ್. ಮೈ ಮೇಲೆ ಬೂದಿ ಬಣ್ಣದ ತೆಳು ಪದರ ಕೂತಿತ್ತು. ಈ ಪದರ ದಪ್ಪವಾದರೆ ಬೆಂಕಿ ಉರಿಯುತ್ತಿರುವುದು ಯಂತ್ರಕ್ಕೆ ಗೊತ್ತಾಗುವುದಿಲ್ಲ, ಕೆಲವೇ ಸೆಕೆಂಡಿನಲ್ಲಿ ಗ್ಯಾಸ್ ನಿಲ್ಲಿಸಿಬಿಡುತ್ತದೆ. ಸ್ಟೀಲ್ ವೂಲ್‌ನಿಂದ ಮೆಲ್ಲಗೆ ಉಜ್ಜಿ ಮತ್ತೆ ಸಿಕ್ಕಿಸಿ, ಒಮ್ಮೆ ಉರಿಸಿ ತೋರಿಸಿದ. ನೀಲಿ ಜ್ವಾಲೆಗಳು ಸಾಲಾಗಿ ಹೊತ್ತಿಕೊಂಡವು. ಸ್ವೆಟರ್ ಮೇಲೆ ಶಾಲು ಹೊದ್ದು ನಿಂತಿದ್ದ ಅಮ್ಮ ಕೈ ಮುಗಿದರು. ಆತ ನಗಲಿಲ್ಲ. ಅವರು ಕೈ ಇಳಿಸುವವರೆಗೂ ಕಾದು, ಆಮೇಲೆ ಮುಚ್ಚಳ ಹಾಕಿದ. ಆ ಮನುಷ್ಯನ ಮೇಲೆ ನನಗೆ ಗೌರವ ಬಂದದ್ದು ಆಗಲೇ.

ಅಮ್ಮ ಕೇಳಿದ್ದರಲ್ಲಿ ತಪ್ಪೇನಿದೆ? ನಮ್ಮ ಕಡೆ ಊರಿಗೆ ಹೊರಟರೆ ಕೊನೆಗೆ ಮಾಡುವ ಕೆಲಸ ಸಿಲಿಂಡರ್‌ನ ರೆಗ್ಯುಲೇಟರ್ ಬಂದ್ ಮಾಡುವುದು. ಬಸ್‌ಸ್ಟ್ಯಾಂಡಿಗೆ ಹೋದ ಮೇಲೂ "ಗ್ಯಾಸ್ ಆಫ್ ಮಾಡಿದ್ಯಾ?" ಎಂದು ಇನ್ನೊಂದು ಸಲ ಕೇಳುತ್ತಾರೆ. ಇಲ್ಲಿ ಅದು ಉಲ್ಟಾ. ಬೆಂಕಿ ಉರಿಯಬೇಕು, ನೀರು ಬಂದ್ ಆಗಬೇಕು. ಮನೆ ಎಷ್ಟು ಬಿಸಿ ಇರಬೇಕೆಂದು ನಿಗದಿ ಮಾಡುವ ಥರ್ಮೋಸ್ಟಾಟನ್ನು 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 13 ಸೆಲ್ಸಿಯಸ್‌ಗಿಂತ ಕೆಳಗೆ ಇಳಿಸಬಾರದು. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಒಂದು ಕಡೆ ಮಂಜುಗಡ್ಡೆ, ಇನ್ನೊಂದು ಕಡೆ ಮುಚ್ಚಿದ ನಲ್ಲಿ. ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ಏರಿ ಏರಿ ಪೈಪು ಸೀಳುತ್ತದೆ. ಗಡ್ಡೆ ಕರಗುವವರೆಗೂ ಯಾರಿಗೂ ಸುಳಿವಿರುವುದಿಲ್ಲ.

ಹೊರಗಿನ ನಲ್ಲಿಯದೂ ಇಂಥದೇ ಕಥೆ. ಈಗಿನ ನಲ್ಲಿಗಳಲ್ಲಿ ನೀರು ತಡೆಯುವ ಭಾಗ ಗೋಡೆಯೊಳಗೆ, ಬೆಚ್ಚಗಿನ ಜಾಗದಲ್ಲಿರುತ್ತದೆ. ಮುಚ್ಚಿದ ಮೇಲೆ ಉಳಿದ ನೀರು ಇಳಿದುಹೋಗುತ್ತದೆ. ಹೋಸ್ ಹಾಗೇ ಬಿಟ್ಟರೆ ಇಳಿಯುವುದಿಲ್ಲ. ಒಳಗೇ ಸೀಳಿದ್ದು ತಿಳಿಯುವುದು ಏಪ್ರಿಲ್‌ನಲ್ಲಿ ಗಿಡಕ್ಕೆ ನೀರು ಬಿಟ್ಟಾಗ.

ನಮ್ಮ ಪರಿಚಯದ ಒಂದು ಕುಟುಂಬ ಹಿಂದೊಮ್ಮೆ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋಗಿತ್ತು. ಅಲ್ಲಿಯವರೆಗೆ ಬಾಡಿಗೆ ಮನೆಯಲ್ಲಿದ್ದವರು, ಸ್ವಂತ ಮನೆಯ ಮೊದಲ ಚಳಿಗಾಲ. ಖಾಲಿ ಮನೆಗೆ ಗ್ಯಾಸ್ ಯಾಕೆ ದಂಡ ಎಂದು ಹೀಟಿಂಗ್ ಪೂರ್ತಿ ಆಫ್ ಮಾಡಿದ್ದರು. ಹೊರಗೋಡೆಗೆ ಅಂಟಿದ್ದ ಮೇಲಿನ ಬಾತ್‌ರೂಮಿನ ಪೈಪು ಒಡೆಯಿತು. ಅವರು ಬಂದ ಮಾರನೇ ದಿನ ಸಹಾಯಕ್ಕೆ ಹೋಗಿದ್ದೆ. ಹಾಲ್‌ನ ಸೀಲಿಂಗ್ ನೆನೆದ ಅವಲಕ್ಕಿ ಹಾಗೆ ಸೋಫಾ ಮೇಲೆ ಕುಸಿದಿತ್ತು. ಮಗಳ ಸಂಗೀತದ ಪುಸ್ತಕಗಳು ಊದಿಕೊಂಡು ಶೆಲ್ಫಿನಿಂದ ಹೊರಗೆ ಬರುತ್ತಲೇ ಇರಲಿಲ್ಲ. ವಿಮೆಯವರು ಮೊದಲು ಕೇಳಿದ್ದು, "ಹೀಟಿಂಗ್ ಆನ್ ಇತ್ತಾ?"

ಆಮೇಲೆ ಯಾರದೋ ಮನೆಯ ಊಟದಲ್ಲಿ ಕೆಲವರು "ಅಷ್ಟೂ ಗೊತ್ತಿರ್ಲಿಲ್ವಾ" ಎಂದು ನಕ್ಕರು. ನನಗೆ ಆಗಲೂ ಸಿಟ್ಟು ಬಂದಿತ್ತು, ಈ ವಾರ ಅದು ಮತ್ತೆ ಹೊರಬಂತು. ಗೊತ್ತಿರುವುದಾದರೂ ಹೇಗೆ? ಹೇಳಿದವರು ಯಾರು? ಹಾಗೆ ನಕ್ಕವರು ಅವರು ಹೊರಡುವ ಮೊದಲು ಬಂದು ಒಂದು ಮಾತು ಹೇಳಬಹುದಿತ್ತು, ಅಲ್ವಾ?

ಮೆಕ್ಯಾನಿಕ್ ಹೊರಡುವ ಮೊದಲು ನಮ್ಮನ್ನು ಬೇಸ್‌ಮೆಂಟ್‌ನ ಮೂಲೆಗೆ ಕರೆದ. ನೀರಿನ ಪೈಪು ಮನೆಯೊಳಗೆ ಬರುವ ಜಾಗ, ಪಕ್ಕದಲ್ಲೇ ಮೀಟರ್. ಅಮ್ಮನ ಕೈಯನ್ನೇ ವಾಲ್ವ್‌ನ ಹಿಡಿಯ ಮೇಲಿಟ್ಟು ತಿರುಗಿಸಿದ. ಹಿಡಿ ಪೈಪಿಗೆ ಅಡ್ಡ ನಿಂತರೆ ನೀರು ಬಂದ್. ಹೊರಡುವ ದಿನ ಇದನ್ನು ಮುಚ್ಚಿ, ಎಲ್ಲ ನಲ್ಲಿ ತೆರೆದು ಪೈಪು ಬರಿದು ಮಾಡಬೇಕು. ಅಡುಗೆಮನೆಯ ಸಿಂಕ್ ಕೆಳಗಿನ ಬಾಗಿಲು ತೆಗೆದಿಟ್ಟರೆ ಬಿಸಿ ಗಾಳಿ ಒಳಗೂ ಆಡುತ್ತದೆ.

ಅಮ್ಮನ ಪ್ರಶ್ನೆ ಮುಗಿದಿರಲಿಲ್ಲ. "ಬಿಲ್ ಕಟ್ಟೋಕೆ ಆಗ್ದೇ ಇರೋರು ಏನ್ ಮಾಡ್ತಾರೆ?" ನಮ್ಮ ಮಿನ್ನೆಸೋಟ ರಾಜ್ಯದಲ್ಲಿ ಇದಕ್ಕೆ ಕೋಲ್ಡ್ ವೆದರ್ ರೂಲ್ ಎಂದಿದೆ. ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ, ಬಾಕಿ ಇರುವವರು ಕಂತಿನ ಒಪ್ಪಂದ ಮಾಡಿಕೊಂಡು ಅದರಂತೆ ಕಟ್ಟುತ್ತಿದ್ದರೆ, ಮನೆ ಬಿಸಿ ಮಾಡುವ ಗ್ಯಾಸನ್ನೋ ಕರೆಂಟನ್ನೋ ಕಡಿಯುವಂತಿಲ್ಲ. ಬಾಡಿಗೆದಾರರಿಗೆ ಅದೇ ತಿಂಗಳುಗಳಲ್ಲಿ ಕನಿಷ್ಠ 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಸೆಲ್ಸಿಯಸ್ ಬಿಸಿ ಒದಗಿಸುವುದು ಮಾಲೀಕನ ಹೊಣೆ ಎಂದು 2024ರಿಂದ ಕಾನೂನೇ ಇದೆ. ಇದನ್ನು ಹೇಳಿದಾಗ ಅಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. ಅವರು ಚಿಕ್ಕವರಿದ್ದಾಗ ಪಕ್ಕದ ಮನೆಯವರು ತೆಂಗಿನ ಚಿಪ್ಪು ಹಿಡಿದು ಕೆಂಡ ಕೇಳಿಕೊಂಡು ಬರುತ್ತಿದ್ದರಂತೆ. ಮಾತು ಬಿಟ್ಟಿದ್ದ ಮನೆಯವರಿಗೂ ಅಜ್ಜಿ ಇಲ್ಲ ಅಂದದ್ದಿಲ್ಲ.

ಕಾನೂನು ಬಿಲ್ಲನ್ನು ನೋಡಿಕೊಂಡಿತು. ತಿಳಿವಳಿಕೆ ಕೊಡುವುದು ಯಾರ ಕೆಲಸ? ಮನೆ ಮಾರಿಸುವ ಏಜೆಂಟರು ಕೀ ಕೊಡುವ ದಿನ ಗ್ರಾನೈಟ್ ಕಟ್ಟೆ, ಫೈರ್‌ಪ್ಲೇಸ್ ಎಲ್ಲ ತೋರಿಸುತ್ತಾರೆ. ಆ ವಾಲ್ವ್ ಹತ್ತಿರ ಕರೆದುಕೊಂಡು ಹೋಗಿ ಒಮ್ಮೆ ತಿರುಗಿಸಿ ತೋರಿಸಲು ಎರಡು ನಿಮಿಷ ಸಾಕು. ಅದನ್ನು ಕಡ್ಡಾಯ ಮಾಡಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಸದ್ಯಕ್ಕೆ ಕೈಲಾದದ್ದನ್ನು ಶುರು ಮಾಡಿದ್ದೇನೆ. ನಮ್ಮ ಬೀದಿಗೆ ಈ ಬೇಸಿಗೆಯಲ್ಲಿ ದಾವಣಗೆರೆ ಕಡೆಯ ಒಂದು ಜೋಡಿ ಬಂದಿದೆ. ಅವರೂ ಡಿಸೆಂಬರ್‌ಗೆ ಟಿಕೆಟ್ ಮಾಡಿಸಿದ್ದಾರಂತೆ. ಶನಿವಾರ ಅಮ್ಮನನ್ನೂ ಕರೆದುಕೊಂಡು ಅವರ ಬೇಸ್‌ಮೆಂಟ್‌ಗೆ ಹೋಗುತ್ತಿದ್ದೇನೆ.