ಕಣ್ಣು ನೋಡಿ ಮೇಡಂ

ಭಾನುವಾರದಿಂದ ಒಂದೇ ಮಾತು ತಲೆಯಲ್ಲಿ ಗುಂಯ್‌ಗುಡುತ್ತಿದೆ. "ಕಣ್ಣು ನೋಡಿ ಮೇಡಂ." ಪಾತ್ರೆ ತೊಳೆಯುವಾಗ ಕೇಳಿಸುತ್ತದೆ. ರಾತ್ರಿ ದೀಪ ಆರಿಸಿದ ಮೇಲೂ ಕೇಳಿಸುತ್ತದೆ. ಹೇಳಿದವರ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಒಂದಿಷ್ಟು ಬೈದುಕೊಂಡು ಮರೆತುಬಿಡುತ್ತಿದ್ದೆ.

ಅಣ್ಣನ ಮಗಳನ್ನು ಕರೆದುಕೊಂಡು ಮೃಗಾಲಯಕ್ಕೆ ಹೋಗಿದ್ದೆ. ಹುಲಿ ಮಲಗಿತ್ತು. ಕರಡಿ ಒಳಗೆ ಸೇರಿಕೊಂಡಿತ್ತು. ನೀರಾನೆಯ ಬೆನ್ನು ಮಾತ್ರ ಕಂಡಿತು. ಜನವೆಲ್ಲ ಬಿಳಿ ನವಿಲಿನ ಮುಂದೆ ಮುತ್ತಿಕೊಂಡಿದ್ದರು. ಅದು ಸೋಗೆ ಬಿಚ್ಚಿ ನಿಂತಿತ್ತು. ಅದರ ಪಕ್ಕದ ಆವರಣದಲ್ಲೇ ನೀಲಿ ನವಿಲೊಂದು ಅಷ್ಟೇ ಚೆಂದಕ್ಕೆ ಗರಿ ಬಿಚ್ಚಿ, ಸರ್ರ್ ಎಂದು ನಡುಗಿಸುತ್ತಿತ್ತು. ಅಲ್ಲಿ ಒಂದು ನರಪಿಳ್ಳೆ ಇರಲಿಲ್ಲ. "ಪಾಪ, ಅದನ್ನ ಯಾರೂ ನೋಡ್ತಿಲ್ಲ ಅತ್ತೆ" ಎಂದಳು ನಮ್ಮ ಹುಡುಗಿ. ನಾನೂ ನೋಡುತ್ತಿರಲಿಲ್ಲ.

ನಮ್ಮ ಮುಂದೆ ಒಬ್ಬ ಅಪ್ಪ, ಅವರ ಮಗ. ಅಪ್ಪನದು ಎಲ್ಲ ಗೊತ್ತಿರುವ ದನಿ. "ಇದು ಹಿಮ ಬೀಳೋ ದೇಶದ್ದು ಪುಟ್ಟಾ. ಹಿಮಕರಡಿ ಬೆಳ್ಳಗಿರುತ್ತಲ್ಲ, ಹಾಗೇನೇ."

ಯಾರಾದರೂ ತಪ್ಪು ಹೇಳಿದರೆ ನನಗೆ ಸುಮ್ನೆ ಇರಲು ಆಗುವುದಿಲ್ಲ. ಅಣ್ಣ ಇದಕ್ಕೆ ಮೇಷ್ಟ್ರು ಕಾಯಿಲೆ ಅನ್ನುತ್ತಾನೆ. ಒಂದು ಹೆಜ್ಜೆ ಮುಂದೆ ಹೋಗಿ, ಸುತ್ತಲಿನವರಿಗೂ ಕೇಳಲಿ ಎಂಬಂತೆ ಹೇಳಿದೆ: "ಇಲ್ಲ ಸಾರ್, ಇದೂ ಮಾಮೂಲಿ ನವಿಲೇ. ಆಲ್ಬಿನೋ ಅಂತಾರೆ."

ಅವರು "ಓ, ಹೌದಾ ಮೇಡಂ" ಎಂದು ನಕ್ಕರು. ನನಗೆ ಆ ನಗು ಸ್ವಲ್ಪ ಪೆಚ್ಚಾಗಿ ಕಂಡಿತು, ಅದರಿಂದ ನನಗೆ ಖುಷಿಯೂ ಆಯಿತು. ಒಪ್ಪಿಕೊಳ್ಳುತ್ತೇನೆ. ಹುಡುಗ ಮಾತ್ರ ಪಾಠ ಒಪ್ಪಿಸುವವನಂತೆ ಆಲ್ಬಿನೋ, ಆಲ್ಬಿನೋ ಎಂದು ಹೇಳಿಕೊಳ್ಳುತ್ತಾ ಹೋದ.

ಅವರು ತಿರುವು ದಾಟಿದ ಮೇಲೆ, ಜಾಲರಿಯ ಆಚೆ ಕಸ ಗುಡಿಸುತ್ತಿದ್ದ ಸಿಬ್ಬಂದಿಯೊಬ್ಬರು ಪೊರಕೆ ನಿಲ್ಲಿಸಿ ಹೇಳಿದರು. "ಕಣ್ಣು ನೋಡಿ ಮೇಡಂ."

ನೋಡಿದೆ. ತಿಳಿ ನೀಲಿ ಕಣ್ಣು.

"ಆಲ್ಬಿನೋ ಆಗಿದ್ರೆ ಕೆಂಪಗಿರ್ತಿತ್ತು" ಅಂದರು. ಮತ್ತೆ ಗುಡಿಸತೊಡಗಿದರು. ಮುಗಿಯಿತು.

ಇಪ್ಪತ್ತು ನಿಮಿಷ ಅದರ ಎದುರಿಗೇ ನಿಂತಿದ್ದೆ. ಹತ್ತಾರು ಫೋಟೋ ತೆಗೆದಿದ್ದೆ. ಕಣ್ಣು ಮಾತ್ರ ನೋಡಿರಲಿಲ್ಲ. ಹೆಸರು ಗೊತ್ತಿದೆ ಅಂದುಕೊಂಡ ಮೇಲೆ ನೋಡುವುದೇನಿದೆ, ಅಲ್ವಾ?

ಮನೆಗೆ ಬಂದು ಓದಿದೆ. ಪೊರಕೆ ಹಿಡಿದಿದ್ದ ಆ ಸಿಬ್ಬಂದಿ ಹೇಳಿದ್ದು ಸರಿ. ಆಲ್ಬಿನೋ ಪ್ರಾಣಿಯ ಮೈ ಮೆಲನಿನ್ ಎಂಬ ಕಪ್ಪನ್ನು ತಯಾರಿಸುವುದೇ ಇಲ್ಲ. ಹಾಗಾಗಿ ಕಣ್ಣಿನೊಳಗಿನ ರಕ್ತದ ಕೆಂಪು ಹೊರಗೆ ಕಾಣುತ್ತದೆ. ಬಿಳಿ ನವಿಲಿನ ಕಥೆ ಬೇರೆ, ಅದು ಲ್ಯೂಸಿಸಂ. ಕಪ್ಪು ತಯಾರಿಸುವ ಜೀವಕೋಶಗಳು ಚರ್ಮಕ್ಕೆ, ಗರಿಗೆ ಬಂದು ಸೇರಿರುವುದಿಲ್ಲ. ಕಣ್ಣಿನ ಒಳಪದರಕ್ಕೆ ಕಪ್ಪು ಬರುವ ದಾರಿಯೇ ಬೇರೆ. ಅದು ತಪ್ಪಿರುವುದಿಲ್ಲ. ಎರಡು ಬಿಳಿ ನವಿಲು ಜೋಡಿಯಾದರೆ ಮರಿಗಳೂ ಬಿಳಿಯೇ. ಮೊಟ್ಟೆಯೊಡೆದು ಬಂದಾಗ ಮಾತ್ರ ಕೋಳಿಮರಿಯ ಹಾಗೆ ಹಳದಿ. ಕಾಡಿನಲ್ಲಿ ಇಂಥವು ತೀರಾ ಅಪರೂಪ. ಅಷ್ಟು ಬೆಳ್ಳಗಿದ್ದರೆ ಚಿರತೆಗೆ ಹುಡುಕುವ ಕೆಲಸವೇ ಇಲ್ಲ. ನಾವು ನೋಡುವ ಬಿಳಿ ನವಿಲುಗಳೆಲ್ಲ ಹೆಚ್ಚುಕಡಿಮೆ ಮನುಷ್ಯರು ಸಾಕಿ ಬೆಳೆಸಿದವು.

ಅಲ್ಲಿಗೆ ಬಿಡಬಹುದಿತ್ತು. ಆದರೆ ಆ ನೀಲಿ ಕಣ್ಣು ಬಿಡಲಿಲ್ಲ. ನವಿಲಿನ ನೀಲಿ ಬಗ್ಗೆ ಓದುತ್ತಾ ಕೂತೆ. ಇನ್ನೊಂದು ಪೆಟ್ಟು ಬಿತ್ತು.

ನವಿಲುಗರಿಯಲ್ಲಿ ನೀಲಿ ಬಣ್ಣ ಅನ್ನುವುದೇ ಇಲ್ಲ! ಇರುವುದು ಕಂದು, ಕಪ್ಪು. ಗರಿಯ ಎಳೆಯೊಳಗೆ ಮೆಲನಿನ್ನಿನ ಸಣ್ಣ ಸಣ್ಣ ಕಡ್ಡಿಗಳು ಅಚ್ಚುಕಟ್ಟಾಗಿ ಸಾಲುಗಟ್ಟಿರುತ್ತವೆ. ಕಡ್ಡಿಯಿಂದ ಕಡ್ಡಿಗೆ ಸುಮಾರು 140 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್) ಅಂತರ ಇದ್ದರೆ ನಮಗೆ ನೀಲಿ ಕಾಣುತ್ತದೆ, 150 ಆದರೆ ಹಸಿರು. ಬೆಳಕು ಆ ಸಾಲುಗಳಿಗೆ ಬಡಿದು ವಾಪಸ್ ಬರುವಾಗ ಆಗುವ ಆಟ ಅದು. ಗರಿ ಒದ್ದೆಯಾದರೆ ಬಣ್ಣ ಮಾಯವಾಗುತ್ತದೆ ಎಂದು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1665ರಲ್ಲೇ ಬರೆದಿದ್ದನಂತೆ.

ಮನೆಯಲ್ಲಿ ಒಂದು ಹಳೇ ಗರಿ ಇತ್ತು. ಕಿಟಕಿಯ ಬೆಳಕಿಗೆ ಅಡ್ಡ ಹಿಡಿದೆ. ಬೆಳಕು ನನ್ನ ಬೆನ್ನ ಹಿಂದಿದ್ದಾಗ ಮಿಂಚುತ್ತಿದ್ದದ್ದು, ಗರಿಯ ಹಿಂದಿನಿಂದ ಬಂದಾಗ ಬರೀ ಕಂದು. ಒಣಗಿದ ಎಲೆಯ ಕಂದು. "ಅಯ್ಯೋ, ಸತ್ತೋಯ್ತಾ?" ಎಂದಳು ಹುಡುಗಿ. ತಿರುಗಿಸಿದೆ, ನೀಲಿ ಬಂತು. ಮತ್ತೆ ತಿರುಗಿಸಿದೆ, ಹೋಯಿತು. ಅರ್ಧ ಗಂಟೆ ಇಬ್ಬರೂ ಅದನ್ನೇ ಆಡಿದೆವು.

ಅಂದರೆ ಬಿಳಿ ನವಿಲಿಗೆ ಕಡಿಮೆ ಬಿದ್ದಿರುವುದು ನೀಲಿ ಅಲ್ಲ, ಕಪ್ಪು. ಕಪ್ಪು ಕಡ್ಡಿಗಳಿಲ್ಲದೆ ನೀಲಿ ನಿಲ್ಲುವುದಕ್ಕೆ ಜಾಗವೇ ಇಲ್ಲ. ಆ ಜಾಲರಿಯ ಮುಂದೆ ಜನ ಏನೇನು ಅಂದಿದ್ದರು! "ಎಷ್ಟು ಶುದ್ಧವಾಗಿದೆ ನೋಡು." "ಒಂಚೂರೂ ಕಲೆ ಇಲ್ಲ." ಒಬ್ಬಾಕೆ ತನ್ನ ಮಗಳಿಗೆ "ನೀನೂ ಹೀಗೆ ಬೆಳ್ಳಗಾಗ್ಬೇಕು" ಅಂದರು. ಮಗಳು ಕಪ್ಪಗೆ, ಲಕ್ಷಣವಾಗಿದ್ದಳು. ಆಕೆಗೆ ನಾನೇನೂ ಹೇಳಲಿಲ್ಲ ನೋಡಿ. ಮೇಷ್ಟ್ರು ಕಾಯಿಲೆ ಬೇಕಾದಾಗ ಬರುವುದಿಲ್ಲ.

ಬಿಳಿ ನವಿಲು ಚೆಂದ ಇಲ್ಲ ಅಂತಲ್ಲ. ಅದು ತಿರುಗಿ ಜಾಲರಿಗೆ ಹತ್ತಿರ ಬಂದಾಗ ಗರಿಗಳ ತುದಿಯಲ್ಲಿ ಕಣ್ಣಿನ ಗುರುತುಗಳು ಕಂಡವು. ಬಿಳಿ ಬಟ್ಟೆಯ ಮೇಲೆ ಬಿಳಿ ದಾರದಲ್ಲಿ ಕಸೂತಿ ಹಾಕಿದ ಹಾಗೆ. ಬಣ್ಣ ಇಲ್ಲದಿದ್ದರೂ ಎಳೆಗಳ ನೇಯ್ಗೆ ಅಲ್ಲಿ ಬೇರೆ. ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಕಾಣುತ್ತದೆ.

ಇನ್ನು ಹೆಣ್ಣುನವಿಲು ಏನು ನೋಡುತ್ತದೆ ಎಂಬುದೂ ದೊಡ್ಡ ಜಗಳವೇ. ನವಿಲುಗರಿ ನೋಡಿದರೆ ತನಗೆ ಹುಷಾರು ತಪ್ಪುತ್ತದೆ ಎಂದು ಡಾರ್ವಿನ್ 1860ರಲ್ಲಿ ಗೆಳೆಯನಿಗೆ ಕಾಗದ ಬರೆದಿದ್ದ. ಇಷ್ಟು ಭಾರದ ಸೋಗೆ ಯಾಕೆ ಬೆಳೆಯಿತು ಎಂಬುದೇ ಅವನ ತಲೆನೋವು. ಹೆಣ್ಣಿನ ಆಯ್ಕೆಯೇ ಕಾರಣ ಎಂದು ಆಮೇಲೆ ವಾದಿಸಿದ. ಸೋಗೆಯ ಮೇಲೆ ಕಣ್ಣಿನ ಗುರುತುಗಳು ಜಾಸ್ತಿ ಇದ್ದ ಗಂಡಿಗೆ ಹೆಣ್ಣುಗಳು ಒಲಿದವು ಎಂದು 1991ರಲ್ಲಿ ಇಂಗ್ಲೆಂಡಿನ ಸಂಶೋಧಕಿ ಮೇರಿಯನ್ ಪೆಟ್ರಿ ತೋರಿಸಿದರು. ಏಳು ವರ್ಷ ನೋಡಿದರೂ ಅಂಥದ್ದೇನೂ ಕಾಣಲಿಲ್ಲ ಎಂದು 2008ರಲ್ಲಿ ಜಪಾನಿನವರು ಬರೆದರು. 2013ರಲ್ಲಿ ಹೆಣ್ಣುನವಿಲಿನ ತಲೆಗೇ ಪುಟ್ಟ ಕ್ಯಾಮೆರಾ ಕಟ್ಟಿ ನೋಡಿದರೆ, ಮಹಾತಾಯಿ ಗಂಡನ್ನು ನೋಡುವುದೇ ಕಡಿಮೆ. ನೋಡಿದರೂ ಸೋಗೆಯ ಕೆಳಭಾಗ. ನಾವು ಬಾಯಿ ಬಿಟ್ಟುಕೊಂಡು ನೋಡುವ ಮೇಲಿನ ಗರಿಗಳ ಕಡೆಗೆ ಅದರ ಕಣ್ಣು ಹೋಗುವುದು ಅಪರೂಪ. ಓದಿ ಜೋರಾಗಿ ನಕ್ಕೆ.

ನನಗೆ ಸಮಾಧಾನ ಕೊಟ್ಟದ್ದು ಮಾತ್ರ ಕಾಂಗೋ ನವಿಲಿನ ಕಥೆ. 1913ರಲ್ಲಿ ಜೇಮ್ಸ್ ಚಾಪಿನ್ ಎಂಬ ಪಕ್ಷಿತಜ್ಞನಿಗೆ ಕಾಂಗೋದಲ್ಲಿ ಒಬ್ಬರ ತಲೆಯುಡುಗೆಯಲ್ಲಿ ಗುರುತೇ ಸಿಗದ ಒಂದು ಗರಿ ಕಂಡಿತು. 1936ರಲ್ಲಿ ಬೆಲ್ಜಿಯಂನ ಮ್ಯೂಸಿಯಂ ಒಂದರಲ್ಲಿ ಅದೇ ಗರಿಯ ಎರಡು ಹಕ್ಕಿಗಳು ಸಿಕ್ಕವು, ಹುಲ್ಲು ತುಂಬಿಸಿಟ್ಟವು. ಅವುಗಳ ಚೀಟಿಯಲ್ಲಿ ಏನಿತ್ತು ಗೊತ್ತಾ? ಭಾರತದ ನೀಲಿ ನವಿಲಿನ ಮರಿಗಳು ಅಂತ. ಹೊಸ ಜಾತಿಯ ನವಿಲೇ ತಪ್ಪು ಚೀಟಿ ಹೊತ್ತು ನಿಂತಿತ್ತು. ಬಂದವರು ಚೀಟಿ ಓದಿ ಮುಂದೆ ಹೋಗಿದ್ದರು.

ಚೀಟಿ ಬದಲಾಯಿಸಲು ಒಬ್ಬ ಚಾಪಿನ್ ಬಂದ. ನಾನು ಅಂಟಿಸಿದ ಚೀಟಿ?

ಅವತ್ತು ಸಂಜೆ ಗೇಟಿನ ಹತ್ತಿರ ಅದೇ ಅಪ್ಪ ಮಗ ಸಿಕ್ಕಿದರು. ಹೇಳಿಬಿಡಬೇಕು ಅಂದುಕೊಂಡೆ. ಅಪ್ಪ ಫೋನಿನಲ್ಲಿದ್ದರು. ಹೊರಗೆ ಗಲಾಟೆ. ನಮ್ಮವಳು ಕಾಲು ನೋವು ಅಂತ ಕೈ ಜಗ್ಗುತ್ತಿದ್ದಳು. ಎಲ್ಲ ನೆಪ, ಗೊತ್ತು. ಹುಡುಗ ನನ್ನನ್ನು ಗುರುತು ಹಿಡಿದ. ಅಪ್ಪನ ಹೆಗಲ ಮೇಲಿಂದಲೇ ಎರಡೂ ಕೈ ಎತ್ತಿ, "ಆಂಟೀ, ಆಲ್ಬಿನೋ!" ಎಂದು ಕೂಗಿದ.

ನಾನು ನಗುತ್ತಾ ಕೈ ಬೀಸಿದೆ.