ರೋಗಿಯ ಪರ ನಿಲ್ಲುವವರಿಗೆ ಮೊದಲ ಪಾಠ

ಎಂಎಸ್‌ಡಬ್ಲ್ಯು (ಸಮಾಜಕಾರ್ಯ), ಎಂಪಿಎಚ್ (ಸಾರ್ವಜನಿಕ ಆರೋಗ್ಯ) ವಿದ್ಯಾರ್ಥಿಗಳನ್ನು ರೋಗಿಗಳ ಪರ ನಿಲ್ಲಲು ತಯಾರು ಮಾಡುವಾಗ ಹಕ್ಕುಗಳ ಉಪನ್ಯಾಸದಿಂದ ಶುರು ಮಾಡಬೇಡಿ. ಮೊದಲು ಆಸ್ಪತ್ರೆಯ ದಾಖಲೆ ಕೇಳುವ ಅರ್ಜಿ ಬರೆಸಿ.

ರೋಗಿ ಕೇಳಿದರೆ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ ಹೇಳುತ್ತದೆ. ಹೊಸಬರು ಎಡವುವುದು ಇಲ್ಲೇ. ಬಾಯಿಮಾತಲ್ಲಿ ಕೇಳಿ ವಾಪಸ್ ಬರುತ್ತಾರೆ. ಕೇಳಿದ್ದಕ್ಕೇ ಪುರಾವೆಯಿಲ್ಲದ ಮೇಲೆ ಗಂಟೆ ಎಣಿಸುವುದು ಎಲ್ಲಿಂದ? ಒಂದು ಹಾಳೆ ಸಾಕು: ರೋಗಿಯ ಹೆಸರು, ಐಪಿ ನಂಬರು (ಒಳರೋಗಿ ಸಂಖ್ಯೆ), ಸೇರಿದ ಮತ್ತು ಬಿಡುಗಡೆಯಾದ ದಿನ, ಬೇಕಾದ ಕಾಗದಗಳು (ಕೇಸ್ ಶೀಟ್, ಲ್ಯಾಬ್ ವರದಿ, ಆಪರೇಷನ್ ನೋಟ್ಸ್ ಎಂದು ಬಿಡಿಬಿಡಿಯಾಗಿ), ರೋಗಿಯ ಸಹಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ತಾರೀಕು, ವೇಳೆ ಹಾಕಿಸಿಕೊಂಡೇ ಕೌಂಟರ್ ಬಿಡಬೇಕು. ತರಗತಿಯಲ್ಲಿ ಒಬ್ಬರು ಗುಮಾಸ್ತರಾಗಿ "ಸಾಹೇಬ್ರು ಇಲ್ಲ, ನಾಳೆ ಬನ್ನಿ" ಅನ್ನಲಿ. ಇನ್ನೊಬ್ಬರು ದನಿ ಏರಿಸದೆ "ಸ್ವೀಕೃತಿ ಕೊಡಿ ಸರ್, ನಾಳೆ ಬರ್ತೀವಿ" ಅನ್ನುವುದು ಅಭ್ಯಾಸವಾಗಲಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಚಿಕಿತ್ಸಾ ನೆರವಿನ ಯೋಜನೆ ಬಾಯಿಪಾಠವಾಗಿರಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ; ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರದ) ಶೇ 30, ಮಿತಿ 1.5 ಲಕ್ಷ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ನಗದು ಕಟ್ಟಿ ಸೇರಿದ ಮೇಲೆ ಯೋಜನೆಯ ಕಾರ್ಡು ಹೊರತೆಗೆಯುವುದೇ ದೊಡ್ಡ ತಪ್ಪು.

ವಾರ್ಡಿನಲ್ಲಿ ವಿದ್ಯಾರ್ಥಿ ಔಷಧಿಯ ಸಲಹೆ ಕೊಡಕೂಡದು, ರೋಗಿಯ ಬದಲು ಉತ್ತರಿಸಕೂಡದು. "ಡಾಕ್ಟ್ರು ಏನು ಹೇಳಿದ್ರು, ನಿಮ್ಮ ಮಾತಲ್ಲೇ ಹೇಳಿ ಅಜ್ಜಿ" ಎಂದು ಕೇಳಿ, ಅರ್ಥವಾಗದ ಭಾಗವನ್ನು ಪ್ರಶ್ನೆಯಾಗಿ ಬರೆದುಕೊಡಲಿ. ಮರುದಿನ ರೌಂಡ್ಸ್‌ನಲ್ಲಿ ಆ ಚೀಟಿ ಅಜ್ಜಿಯ ಕೈಯಲ್ಲೇ ಇರಲಿ.