ಮುಳ್ಳಿಲ್ಲದ ಗಾಳ

"ಎಷ್ಟು ಹಿಡಿದ್ರಿ?"

ಕೆನಡಾದಿಂದ ಬಂದು ವರ್ಷವಾಗುತ್ತಾ ಬಂತು. ಇವತ್ತಿಗೂ ತೀರ್ಥಹಳ್ಳಿ ಪೇಟೆಯಲ್ಲಿ ಯಾರಾದರೂ ಸಿಕ್ಕಿದರೆ ಕೇಳುವುದು ಇದೊಂದೇ. ಮಗಳು ಹೇಗಿದ್ದಾಳೆ ಅಂತ ಆಮೇಲೆ ಕೇಳುತ್ತಾರೆ. ನಾನು ಮೀನಿನ ಹುಚ್ಚಿನವನು ಅಂತ ಊರಿಗೆಲ್ಲ ಗೊತ್ತು, ಅದಕ್ಕೆ.

ನಾಲ್ಕು ದಿನಕ್ಕೆ ಚಿನೂಕ್ ಅನ್ನುವ ಜಾತಿಯ ಒಂದು ಸಾಲ್ಮನ್ ಮೀನು, ಒಂದು ಹ್ಯಾಲಿಬಟ್ ಮೀನು, ಮೂರು ಏಡಿ. ಇಷ್ಟೇ ನಾವು ಇಟ್ಟುಕೊಂಡಿದ್ದು. ಕೇಳಿದವರ ಮುಖ ಸಪ್ಪೆಯಾಗುತ್ತದೆ. "ಅಷ್ಟಕ್ಕೆ ಅಲ್ಲಿಗೆ ಹೋಗ್ಬೇಕಿತ್ತಾ ಮಾರಾಯ್ರೆ? ನಮ್ಮ ಹೊಳೆಲೇ ಸಿಗ್ತಿರ್ಲಿಲ್ವಾ?" ಹಿಡಿದದ್ದು ಬೇರೆ, ಇಟ್ಟುಕೊಂಡದ್ದು ಬೇರೆ ಅಂತ ವಿವರಿಸುವಷ್ಟರಲ್ಲಿ ಅವರ ಬಸ್ಸು ಬಂದಿರುತ್ತದೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮಗಳು, ಅಳಿಯ ಇರುವುದು ಪ್ರಿನ್ಸ್ ರೂಪರ್ಟ್ ಎನ್ನುವ ಬಂದರಿನಲ್ಲಿ. ಬ್ರಿಟಿಷ್ ಕೊಲಂಬಿಯಾದ ಬಡಗಣ ತುದಿ, ಅಲಾಸ್ಕಾದ ಪಕ್ಕ. ಮಳೆಗೆ ಹೆಸರಾದ ಊರು. ಛತ್ರಿ ಮಡಚುವ ಹೊತ್ತಿಗೆ ಮತ್ತೆ ಶುರು. ನನಗಂತೂ ಮೊದಲ ದಿನವೇ ಮನೆಗೆ ಬಂದ ಹಾಗಾಯಿತು. ಅಲ್ಲಿಂದ ಹಡಗಿನಲ್ಲಿ ಸುಮಾರು 7 ಗಂಟೆ ಪಡುವಣಕ್ಕೆ ಹೋದರೆ ಹೈಡಾ ಗ್ವಾಯ್ ದ್ವೀಪಗಳು. 2010ರವರೆಗೆ ನಕಾಶೆಯಲ್ಲಿ ಒಬ್ಬ ಇಂಗ್ಲಿಷ್ ರಾಣಿಯ ಹೆಸರಿತ್ತು. ಈಗ ಅಲ್ಲಿನ ಮೂಲದವರಾದ ಹೈಡಾ ಜನರ ಹೆಸರೇ ವಾಪಸ್ ಬಂದಿದೆ. ನಡುವಿನ ಹೆಕಟ್ ಜಲಸಂಧಿ ಆಳ ಕಡಿಮೆ ಇರುವ ಸಮುದ್ರ. ಗಾಳಿ ಎದ್ದರೆ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ನಮ್ಮನೆಯವಳು ಆ 7 ಗಂಟೆಯಲ್ಲಿ 6 ಗಂಟೆ ಕಣ್ಣು ಮುಚ್ಚಿಕೊಂಡೇ ಕೂತಿದ್ದಳು.

ನಾವು ಉಳಿದದ್ದು ಉತ್ತರದ ಮ್ಯಾಸೆಟ್ ಎಂಬ ಊರಿನಲ್ಲಿ, ಜುಲೈ ಮೊದಲ ವಾರ. ಬೇಸಿಗೆ ಅಂದರೆ ಅಲ್ಲಿ ಸ್ವೆಟರ್ ಮೇಲೆ ರೈನ್‌ಕೋಟ್. ಸೂರ್ಯ ಮುಳುಗುವುದು ರಾತ್ರಿ 10 ದಾಟಿದ ಮೇಲೆ. ಬೆಳಿಗ್ಗೆ ಮಂಜು. ಅದು ನಮ್ಮ ಆಗುಂಬೆ ಘಾಟಿಯ ಮಂಜಿನ ಹಾಗೆ ಹಾಯ್ದು ಹೋಗುವುದಲ್ಲ, ನೀರಿನ ಮೇಲೆ ಕೂತೇ ಬಿಡುತ್ತದೆ. ಎದುರಿನ ಬಂಡೆ ಕಾಣದೆ ಅಲೆ ಬಡಿಯುವ ಸದ್ದು ಮಾತ್ರ ಕೇಳುತ್ತದೆ. ದೋಣಿಯವರು ಗಾಳಿಯ ದಿಕ್ಕು ನೋಡಿಯೇ ದಿನದ ಲೆಕ್ಕ ಹಾಕುತ್ತಿದ್ದರು. ವಾಯವ್ಯದ ಗಾಳಿಯಾದರೆ ಬಿಸಿಲು, ಮಧ್ಯಾಹ್ನದ ಮೇಲೆ ಸ್ವಲ್ಪ ಕುಲುಕಾಟ. ಆಗ್ನೇಯದ ಗಾಳಿಯಾದರೆ ಮಳೆ, ದೋಣಿ ಬಿಚ್ಚುವುದೇ ಬೇಡ. ನಾಲ್ಕರಲ್ಲಿ ಎರಡು ದಿನ ಆಗ್ನೇಯವೇ ಬಂತು. ಸಮುದ್ರ ಬಿಟ್ಟು ದಡದಲ್ಲಿ ಏಡಿಗೆ ಕೂಣಿ, ಅಂದರೆ ಹಿಡಿಯುವ ಬುಟ್ಟಿ, ಇಟ್ಟುಕೊಂಡು ಕೂತೆವು.

ಉಬ್ಬರ ಇಳಿತ ಅಲ್ಲಿ ಜಾಸ್ತಿ. ಪ್ರಿನ್ಸ್ ರೂಪರ್ಟ್‌ನಲ್ಲಿ ದೊಡ್ಡ ಉಬ್ಬರದ ದಿನ ನೀರು 7 ಮೀಟರ್ ಹತ್ತಿರ ಏರಿ ಇಳಿಯುತ್ತದೆ. ಬೆಳಿಗ್ಗೆ ಸಪಾಟಾಗಿದ್ದ ಕಟ್ಟೆಯ ಏಣಿ ಮಧ್ಯಾಹ್ನ ಅಡಿಕೆ ಮರ ಹತ್ತಿದ ಹಾಗೆ. ಮೀನು ಬಾಯಿ ಹಾಕುವುದು ಹೆಚ್ಚಾಗಿ ನೀರು ತಿರುಗುವ ಹೊತ್ತಿನಲ್ಲಿ, ಆ ಅರ್ಧ ಮುಕ್ಕಾಲು ಗಂಟೆ. ಉಳಿದ ಹೊತ್ತು ಸುಮ್ನೆ ಚಹಾ ಕುಡಿಯುವುದು.

ಇನ್ನು ಕಾನೂನು.

ಲೈಸೆನ್ಸ್ ಇಲ್ಲದೆ ಗಾಳ ಮುಟ್ಟುವ ಹಾಗಿಲ್ಲ. ಆನ್‌ಲೈನಲ್ಲಿ ಸಿಗುತ್ತದೆ, ಒಂದು ದಿನಕ್ಕೂ ಕೊಡುತ್ತಾರೆ, ವರ್ಷಕ್ಕೂ ಕೊಡುತ್ತಾರೆ. ಅವರ ವರ್ಷ ನಮ್ಮ ಬ್ಯಾಂಕಿನ ಹಾಗೆ ಏಪ್ರಿಲ್ 1ರಿಂದ ಮಾರ್ಚ್ 31. ಸಾಲ್ಮನ್ ಹಿಡಿದು ಮನೆಗೆ ಒಯ್ಯಬೇಕಾದರೆ ಅದರ ಮೇಲೆ ಬೇರೆ ಸ್ಟ್ಯಾಂಪ್, ಬೇರೆ ದುಡ್ಡು. ಕರಾವಳಿಯನ್ನು ನಂಬರ್ ಹಾಕಿ ಹೋಳು ಮಾಡಿದ್ದಾರೆ. ದ್ವೀಪದ ಉತ್ತರದ ನೀರು ಏರಿಯಾ 1. ಒಂದೊಂದು ಹೋಳಿಗೆ ಒಂದೊಂದು ಲೆಕ್ಕ, ಅದೂ ಬೇಸಿಗೆಯ ನಡುವೆಯೇ ಬದಲಾಗಬಹುದು. ಚಿನೂಕ್ ದಿನಕ್ಕೆ ಕೆಲವು ವರ್ಷ ಎರಡು, ಮೀನು ಕಡಿಮೆ ಇರುವ ವರ್ಷ ಒಂದು. ಹಾಗಾಗಿ ಯಾರಾದರೂ ಹೋಗುವವರಿದ್ದರೆ ನಾನು ಬರೆದದ್ದನ್ನು ನಂಬಬೇಡಿ, ದೋಣಿ ಹತ್ತುವ ದಿನ ಬೆಳಿಗ್ಗೆ ಮೀನುಗಾರಿಕೆ ಇಲಾಖೆಯ ಪ್ರಕಟಣೆ ನೋಡಿ.

ನನಗೆ ಹೊಟ್ಟೆ ಉರಿದದ್ದು ಗಾಳದ ವಿಷಯಕ್ಕೆ. ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳು ಇರುತ್ತದಲ್ಲ, ಸಿಕ್ಕ ಮೀನು ಕಳಚಿಕೊಳ್ಳದ ಹಾಗೆ? ಅಲ್ಲಿ ಸಾಲ್ಮನ್‌ಗೆ ಆ ಮುಳ್ಳಿನ ಗಾಳ ನಿಷಿದ್ಧ. ಬಿಡಬೇಕಾದ ಮೀನಿನ ಬಾಯಿ ಹರಿಯಬಾರದು ಅಂತ. ಮಗ್ಗದ ನೂಲಿನಷ್ಟು ದಪ್ಪದ ದಾರಕ್ಕೆ ಗಾಳ ಕಟ್ಟಿ ಮಾಲತಿ ಹೊಳೆಯ ದಡದಲ್ಲಿ ಬೆಳೆದವನು ನಾನು. ಮುಳ್ಳು ಚೂಪಿದೆಯಾ ಅಂತ ಉಗುರಿಗೆ ಒತ್ತಿ ನೋಡಿಯೇ ಅಂಗಡಿಯಲ್ಲಿ ಕಾಸು ಕೊಡುತ್ತಿದ್ದದ್ದು. ಊರಿಂದ ಒಯ್ದಿದ್ದ ಅರ್ಧ ಡಜನ್ ಗಾಳಗಳನ್ನು ದೋಣಿಯವರ ಮುಂದೆ ಹೆಮ್ಮೆಯಿಂದ ಹರಡಿದೆ. ಅವರು ಏನೂ ಹೇಳದೆ ಇಕ್ಕಳ ತಂದು ಒಂದೊಂದರ ಮುಳ್ಳನ್ನೂ ಚಪ್ಪಟೆ ಮಾಡಿದರು. ಟಿಕ್, ಟಿಕ್, ಟಿಕ್. ಆರು ಸಲ.

ಅದರ ಫಲ ಅರ್ಧ ಗಂಟೆಯಲ್ಲೇ ಸಿಕ್ಕಿತು. ಹೆರಿಂಗ್ ಅಂತ, ನಮ್ಮ ಭೂತಾಯಿ ಮೀನಿನ ನೆಂಟ, ಅದರ ತಲೆಯನ್ನು ಓರೆಯಾಗಿ ಕತ್ತರಿಸಿ ತೆಗೆದು, ಮೈಯನ್ನು ಗಾಳಕ್ಕೆ ಹಾಕುತ್ತಾರೆ. ನೀರಲ್ಲಿ ಎಳೆದರೆ ಗಾಯಗೊಂಡ ಮೀನಿನ ಹಾಗೆ ಗಿರಗಿರ ತಿರುಗುತ್ತದೆ. ಸೀಸದ ಗುಂಡು ಕಟ್ಟಿ ಇಪ್ಪತ್ತು ಮೀಟರ್ ಆಳಕ್ಕೆ ಇಳಿಸಿದ್ದೆವು. ಕೋಲು ಬಗ್ಗಿತು. ಅಲ್ಲಿನ ರೀಲಿನ ಹಿಡಿಕೆ ಮೀನು ಓಡಿದಾಗ ಅದೂ ಹಿಂದಕ್ಕೆ ತಿರುಗುತ್ತದೆ, ನನಗೆ ಗೊತ್ತಿರಲಿಲ್ಲ. ಹೆಬ್ಬೆರಳ ಗಂಟಿಗೆ ಫಟ್ ಅಂತ ಬಡಿಯಿತು. "ಅಯ್ಯೋ" ಅಂತ ಕೈ ಬಿಟ್ಟೆ. ದಾರ ಒಂದು ಕ್ಷಣ ಸಡಿಲವಾಯಿತು, ಅಷ್ಟೇ. ಮುಳ್ಳಿಲ್ಲದ ಗಾಳ ತಾನೇ, ಖಾಲಿ ಬಂತು. ಅಳಿಯ ಮುಖ ಆಚೆ ತಿರುಗಿಸಿ ಸಮುದ್ರ ನೋಡುತ್ತಿದ್ದರು. ಭುಜ ಅಲ್ಲಾಡುತ್ತಿತ್ತು.

ಮಾರನೇ ಸಲ ಸಿಕ್ಕಿದ್ದನ್ನು ಬಿಡಲಿಲ್ಲ. ಎಂಟು ಕೆಜಿ ಮೇಲೆಯೇ ಇತ್ತು. ಬೆನ್ನು ಹೊಳೆಯ ಕಲ್ಲಿನ ಬಣ್ಣ, ಹೊಟ್ಟೆ ತೊಳೆದ ಸ್ಟೀಲ್ ಪಾತ್ರೆ. ನಾನು ಇನ್ನೂ ಏದುಸಿರು ಬಿಡುತ್ತಿದ್ದೆ, ಅಳಿಯ ಪೆನ್ ಚಾಚಿದರು.

"ಮಾವ, ಬರೀರಿ."

"ಎಂತ ಬರೆಯೋದು? ಕೈ ಒದ್ದೆ ಉಂಟು."

"ಮುಂದಿನ ಗಾಳ ಹಾಕೋ ಮೊದ್ಲು ಬರೀಬೇಕು ಮಾವ. ತಾರೀಕು, ಏರಿಯಾ."

ಚಿನೂಕ್ ಇಟ್ಟುಕೊಂಡರೆ ಆಗಿಂದಾಗಲೇ ಲೈಸೆನ್ಸ್‌ನಲ್ಲಿ ದಾಖಲಿಸಬೇಕು. ಮನೆಗೆ ಹೋಗಿ ಬರೆಯುತ್ತೇನೆ ಅನ್ನುವ ಹಾಗಿಲ್ಲ. ಹ್ಯಾಲಿಬಟ್ ಆದರೆ ಉದ್ದವನ್ನೂ ಬರೆಯಬೇಕು. ಅದಕ್ಕೆ ಗರಿಷ್ಠ ಉದ್ದದ ಮಿತಿಯಿದೆ, ವರ್ಷಕ್ಕೆ ಇಷ್ಟೇ ಅಂತಲೂ ಇದೆ. ಎರಡೂ ಕಣ್ಣು ಒಂದೇ ಕಡೆ ಇರುವ, ರೊಟ್ಟಿ ಹಾಗೆ ಚಪ್ಪಟೆ ಮೀನು ಅದು. ನಮ್ಮದು 90 ಸೆಂಟಿಮೀಟರ್. ಮಿತಿಯ ಹತ್ತಿರವೂ ಇರಲಿಲ್ಲ, ಆದರೂ ಟೇಪ್ ಹಿಡಿದೇ ಹಿಡಿದರು. ಕೊಯ್ದು ಒಯ್ಯುವಾಗಲೂ ಯಾವ ಜಾತಿ, ಎಷ್ಟು ಮೀನು ಅಂತ ಗುರುತು ಸಿಗಬೇಕು, ಹಾಗಾಗಿ ಚರ್ಮ ಸುಲಿಯಬಾರದು.

ಆ ಹ್ಯಾಲಿಬಟ್‌ಗೆ ಎಪ್ಪತ್ತು ಮೀಟರ್ ಆಳದಲ್ಲಿ ಗಾಳ ಬಿಟ್ಟು ಕೂತಾಗಲೇ ಆ ಕೆಂಪು ಮೀನು ಬಂದದ್ದು. ಯೆಲ್ಲೋಐ ಅಂತ. ಅಚ್ಚ ಕೆಂಪೂ ಅಲ್ಲ, ಹಣ್ಣಡಿಕೆಯ ಬಣ್ಣ. ಕಣ್ಣು ಹಳದಿ. ಅಷ್ಟು ಚಂದದ ಮೀನನ್ನು ನಾನು ನೋಡಿಲ್ಲ. ಆದರೆ ಮೇಲೆ ಬರುವಷ್ಟರಲ್ಲಿ ಅದರ ಕಣ್ಣು ಹೊರಗೆ ಉಬ್ಬಿತ್ತು, ಬಾಯಿಂದ ಜಠರವೇ ಬಲೂನಿನ ಹಾಗೆ ಹೊರಬಂದಿತ್ತು. ಆಳದಲ್ಲಿ ನೀರಿನ ಒತ್ತಡ ಹೆಚ್ಚು. ಮೇಲೆ ಬಂದ ಹಾಗೆ ಒಳಗಿನ ಗಾಳಿಚೀಲ ಉಬ್ಬಿ ಎಲ್ಲವನ್ನೂ ಹೊರಗೆ ತಳ್ಳುತ್ತದೆ. ನೀರಿಗೆ ಬಿಟ್ಟರೂ ಮುಳುಗಲಾರದು, ತೇಲುತ್ತಾ ಹದ್ದಿನ ಪಾಲು.

ಇಟ್ಟುಕೊಳ್ಳುವ ಹಾಗಿಲ್ಲ ಅಂದರು. ಸತ್ತ ಹಾಗೇ ಇದೆಯಲ್ಲ, ಸುಮ್ನೆ ಯಾಕೆ ಬಿಸಾಡೋದು ಅಂತ ನಾನು. ಸಾರಿಗಾದರೂ ಆಗುತ್ತಿತ್ತು.

ದೋಣಿಯವರು ಬಟ್ಟೆ ಒಣಗಿಸುವ ಕ್ಲಿಪ್ಪಿನ ಅಣ್ಣನಂಥ ಒಂದು ಸಾಧನ ತೆಗೆದರು. ಪ್ರತಿ ದೋಣಿಯಲ್ಲೂ ಇದು ಇರಲೇಬೇಕಂತೆ. ಮೀನಿನ ಕೆಳದುಟಿಗೆ ಕಚ್ಚಿಸಿ, ಭಾರ ಕಟ್ಟಿ, ನಿಧಾನ ಕೆಳಗೆ ಬಿಟ್ಟರು. ಇಳಿದ ಹಾಗೆ ಒತ್ತಡಕ್ಕೆ ಚೀಲ ಮತ್ತೆ ಕುಗ್ಗುತ್ತದೆ, ತಳದ ಹತ್ತಿರ ಕ್ಲಿಪ್ಪು ತಾನೇ ಬಾಯಿ ಬಿಡುತ್ತದೆ. ಕೆಂಪು ಬಣ್ಣ ಹಸಿರು ನೀರಲ್ಲಿ ಕಂದಾಗಿ, ಕಪ್ಪಾಗಿ, ಕಾಣದಾಯಿತು. ದಾರ ಮಾತ್ರ ಇಳಿಯುತ್ತಲೇ ಇತ್ತು. ಐದಾರು ನಿಮಿಷ ಮೂರು ಜನ ಮಾತಾಡದೆ ಅದನ್ನೇ ನೋಡಿದೆವು. ನೀರು ತಿರುಗುವ ಹೊತ್ತು ಬೇರೆ, ನನ್ನ ಗಾಳ ಖಾಲಿ ಕೂತಿತ್ತು. ಆಮೇಲೆ ದಾರ ಹಗುರಾಯಿತು. "ಹೋಯ್ತು" ಅಂದರು.

ಆ ಜಾತಿ 100 ವರ್ಷದ ಮೇಲೂ ಬದುಕುತ್ತದಂತೆ. ನನ್ನಜ್ಜ ಹುಟ್ಟಿದ ಕಾಲದ ಮೀನಿಗೆ ನಾನು ಸಾರಿನ ಮಾತಾಡಿದೆನಾ ಅಂತ ರಾತ್ರಿ ಸ್ವಲ್ಪ ಕಸಿವಿಸಿ ಆಯಿತು. ಸುಳ್ಳು ಯಾಕೆ, ಸ್ವಲ್ಪವೇ.

ಏಡಿಯ ಕಥೆ ಚಿಕ್ಕದು. ಡಂಜನೆಸ್ ಏಡಿಯ ಚಿಪ್ಪು ಅಡ್ಡಕ್ಕೆ 165 ಮಿಲಿಮೀಟರ್ ಇರಬೇಕು, ಹೆಣ್ಣಾದರೆ ಎಷ್ಟೇ ದೊಡ್ಡದಿದ್ದರೂ ವಾಪಸ್. ಒಂದು 163 ಬಂತು. ನಮ್ಮನೆಯವಳು "ಎರಡು ಮಿಲಿಮೀಟರ್ ಯಾರು ನೋಡ್ತಾರೆ?" ಅಂದಳು. ಮಗಳು ಏಡಿಯನ್ನು ನೀರಿಗೆ ಹಾಕಿ ಕೈ ತೊಳೆದುಕೊಂಡಳು.

ಅಡುಗೆಯ ಬಗ್ಗೆ ಒಂದು ಮಾತು. ಸಾಲ್ಮನ್ ನಮ್ಮ ಸಾರಿಗೆ ಒಗ್ಗುವುದಿಲ್ಲ, ಎಣ್ಣೆ ಜಾಸ್ತಿ. ಹುರಿದರೆ ಸರಿ. ಹ್ಯಾಲಿಬಟ್ ಮಾತ್ರ ಸಾರಿಗೇ ಹುಟ್ಟಿದ್ದು. ಊರಿಂದ ತಂದ ಖಾರದ ಪುಡಿ, ಒಣಗಿಸಿದ ವಾಟೆ ಹುಳಿ. ಕಡುಬು ಮಾಡಲು ಆಗಲಿಲ್ಲ, ಅನ್ನದಲ್ಲೇ ಉಂಡೆವು.

ನಮ್ಮಲ್ಲೂ ಕಾನೂನು ಇಲ್ಲವೆಂದಲ್ಲ. ಹೊಳೆಗೆ ತೋಟೆ, ಅಂದರೆ ಸಿಡಿಮದ್ದು, ಹಾಕುವುದು, ವಿಷ ಹಾಕುವುದು ಅಪರಾಧವೇ. ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ, ಶೃಂಗೇರಿಯ ಮೆಟ್ಟಿಲಲ್ಲಿ ಮೀನಿಗೆ ಮಂಡಕ್ಕಿ ಹಾಕುತ್ತೇವೆಯೇ ಹೊರತು ಗಾಳ ಹಾಕುವುದಿಲ್ಲ. ಅಲ್ಲಿಂದ ಎರಡು ತಿರುವು ಕೆಳಗೆ ಹೋದರೆ ನಮ್ಮ ಲೆಕ್ಕವೇ ಬೇರೆ. ಅದರಲ್ಲೂ ಹತ್ತುವ ಮೀನಿನ ಕಾಲ. ಮೊದಲ ಮಳೆಗೆ ಹೊಳೆಯ ಮೀನು ತತ್ತಿ ಇಡಲು ಗದ್ದೆ ಹತ್ತುವಾಗ ಕತ್ತಿ, ಕೂಣಿ, ಟಾರ್ಚು ಹಿಡಿದು ಊರಿಗೆ ಊರೇ ಇಳಿಯುತ್ತದೆ. ನಾನೂ ಐವತ್ತು ವರ್ಷದಿಂದ ಇಳಿದವನೇ.

ಈ ಸಲ ಮೃಗಶಿರ ಜೋರು ಹಿಡಿಯಿತು. ರಾತ್ರಿ ತಮ್ಮನ ಮಗನ ಜೊತೆ ಗದ್ದೆಗೆ ಹೋದೆ. ಮೋರಿಯ ಬಾಯಲ್ಲಿ ಒಂದು ಬಾಳೆ ಮೀನು, ಮೊಳಕ್ಕಿಂತ ಉದ್ದ. ಎರಡೂ ಕೈಯಲ್ಲಿ ಎತ್ತಿದೆ. ಹೊಟ್ಟೆ ಬಿಗಿದುಕೊಂಡಿತ್ತು, ಹೆಬ್ಬೆರಳು ತಾಗಿದಲ್ಲಿ ಎರಡು ತತ್ತಿ ಹೊರಬಂದು ಅಂಗೈಗೆ ಅಂಟಿತು.

"ದೊಡ್ಡಪ್ಪ, ಪೆನ್ ತರ್ಲಾ?" ಅಂದ ಹುಡುಗ. ಕಥೆ ಹೇಳಿ ಹೇಳಿ ನಾನೇ ಹಾಳು ಮಾಡಿದ್ದು.

ಮೀನನ್ನು ಮೋರಿಯ ಮೇಲಿನ ನೀರಿಗೆ ಬಿಟ್ಟೆ. ಬಾಲ ಬಡಿದು ಕೆಸರು ಹಾರಿಸಿ ಮೇಲಕ್ಕೆ ಹೋಯಿತು. ಹತ್ತು ಹೆಜ್ಜೆ ಮೇಲೆ ಪಕ್ಕದ ಗದ್ದೆಯವರು ಕೂಣಿ ಇಟ್ಟಿದ್ದರು. ಅದು ನನಗೆ ಗೊತ್ತಿತ್ತು.

ಮಾರನೇ ದಿನ ಮಧ್ಯಾಹ್ನ ಅವರ ಮನೆಯಿಂದ ಒಂದು ಪಾತ್ರೆ ಸಾರು ಬಂತು. ತತ್ತಿ ಸಮೇತ. ಚೆನ್ನಾಗಿತ್ತು.